ಟೇಪಿನಡಿ ನುಸುಳಿದ ಬಣ್ಣ

ಜ್ಯಾಮಿತೀಯ ಅಮೂರ್ತ ಚಿತ್ರ ಅಂದರೆ ಸುಲಭ ಅಂದುಕೊಂಡಿದ್ದೆ. ಸ್ಕೇಲ್ ಇದೆ, ಬಣ್ಣದ ಅಂಚು ನೇರ ಬರಲು ಅಂಟಿಸಿ ಕೀಳುವ ಮಾಸ್ಕಿಂಗ್ ಟೇಪ್ ಇದೆ, ಇನ್ನೇನು ಬೇಕು ಅಲ್ವಾ? ಚಿತ್ರದುರ್ಗದ ಕೋಟೆಗೋಡೆ ನೋಡಿ ಬಂದ ಮೇಲೆ ಎರಡಡಿ ಕ್ಯಾನ್ವಾಸಿನಲ್ಲಿ ಬರೀ ಚೌಕ, ಆಯತ ಜೋಡಿಸಲು ಕೂತೆ. ಬಣ್ಣ ಅಕ್ರಿಲಿಕ್: ಕಾವಿ, ಬೂದು, ಕಡುನೀಲಿ.

ಟೇಪ್ ಕಿತ್ತಾಗ ಕಾವಿ ಆಯತದ ಅಂಚು ಗರಗಸದ ಹಲ್ಲಿನಂತಿತ್ತು. ಕ್ಯಾನ್ವಾಸ್ ನೇಯ್ದ ಬಟ್ಟೆ. ಎಳೆಗಳ ನಡುವಿನ ತಗ್ಗಿಗೆ ಟೇಪ್ ಕೂರುವುದಿಲ್ಲ, ನೀರು ಜಾಸ್ತಿಯಾದ ಬಣ್ಣ ಅಲ್ಲೇ ನುಗ್ಗುತ್ತದೆ. ಅದಕ್ಕೇ, ಮೊದಲು ಟೇಪಿನ ಅಂಚನ್ನು ಉಗುರಿನಿಂದ ಉಜ್ಜಿ. ಆಮೇಲೆ ಕೆಳಗಿರುವ ಬಣ್ಣವನ್ನೇ ಅಂಚಿನ ಮೇಲೆ ತೆಳ್ಳಗೆ ಬಳಿದು ಒಣಗಲು ಬಿಡಿ. ನುಸುಳಿದರೂ ಅದೇ ಬಣ್ಣ, ಕಾಣಲ್ಲ. ತಗ್ಗೂ ಮುಚ್ಚುತ್ತದೆ. ಹೊಸ ಬಣ್ಣವನ್ನು ಗಟ್ಟಿಯಾಗಿ, ಟೇಪಿನ ಕಡೆಯಿಂದ ಒಳಕ್ಕೆ ಎಳೆಯಿರಿ. ಹಸಿ ಇರುವಾಗಲೇ ಟೇಪನ್ನು ಹಿಂದಕ್ಕೆ ಮಡಚಿ ನಿಧಾನ ಕೀಳಿ. ನಮ್ಮ ದಾವಣಗೆರೆ ಏಪ್ರಿಲ್ ಬಿಸಿಲಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ. ಆಗ ಬಣ್ಣದ ಪದರವೂ ಟೇಪಿನ ಜೊತೆ ಕಿತ್ತು ಬರುತ್ತದೆ.

ಇದೆಲ್ಲ ಮುಂದಿನ ಸಲಕ್ಕಾಯಿತು. ಆಗಿದ್ದಕ್ಕೆ ಏನು ಮಾಡುವುದು? ಹಲ್ಲುಗಳ ಮೇಲೆ ನೀಲಿ ಬಳಿದೆ. ಬಣ್ಣ ಮುಚ್ಚಿತು, ಆದರೆ ಬದಿಯಿಂದ ಬೆಳಕು ಬಿದ್ದಾಗ ಉಬ್ಬು ಕಂಡಿತು. ಒಣಗಿದ ಮೇಲೆ ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಕಾವಿ ಆಯತದ ಅಗಲವನ್ನೇ ಅರ್ಧ ಇಂಚು ಹೆಚ್ಚಿಸಿದೆ. ಈಗ ಪಕ್ಕದ ಬೂದು ಚೌಕ ಇಕ್ಕಟ್ಟಾಯಿತು. ಅದನ್ನು ಕುಗ್ಗಿಸಿದರೆ ಮೇಲಿನದು ತೇಲಿದ ಹಾಗೆ. ಕೋಟೆಗೋಡೆ ಆಗ ನೆನಪಾಯಿತು. ಅಲ್ಲೂ ಕಲ್ಲುಗಳು ಒಂದೇ ಅಳತೆಯವಲ್ಲ, ಪಕ್ಕದ ಕಲ್ಲು ನೋಡಿಕೊಂಡು ಕೂತಿವೆ. ಬೂದು ಚೌಕದ ಒಂದು ಮೂಲೆ ಕತ್ತರಿಸಿ ಕಾವಿಗೆ ಜಾಗ ಬಿಟ್ಟೆ. ನಾನು ಮೊದಲು ಹಾಕಿಕೊಂಡ ನಕ್ಷೆಗಿಂತ ಇದೇ ಚೆನ್ನ.

ಇಂಥ ಬದಲಾವಣೆಯನ್ನು ನೇರ ಬಣ್ಣದಲ್ಲಿ ಮಾಡಬೇಡಿ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ, ಸರಿಸಿ ನೋಡಿ. ಚೌಕ-ಆಯತಗಳ ಚಿತ್ರಕ್ಕೆ ಹೆಸರಾದ ಡಚ್ ಕಲಾವಿದ ಮೊಂಡ್ರಿಯನ್ ಕೂಡ ಬಣ್ಣದ ಟೇಪಿನ ಚೂರು ಅಂಟಿಸಿ ಜಾಗ ಹುಡುಕುತ್ತಿದ್ದರು. 1944ರಲ್ಲಿ ಅವರು ತೀರಿಕೊಂಡಾಗ ಮುಗಿಯದೆ ಉಳಿದ 'ವಿಕ್ಟರಿ ಬೂಗಿ ವೂಗಿ' ಚಿತ್ರದಲ್ಲಿ ಆ ಚೂರುಗಳು ಇನ್ನೂ ಇವೆ.

ಇನ್ನೊಂದು ಎಡವಟ್ಟು: ಮಿರ್ಚಿಯ ಎಣ್ಣೆ ಒಂದು ಹನಿ ಬಿತ್ತು. ಎಣ್ಣೆಯ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ. ಸೋಪಿನ ನೀರಲ್ಲಿ ಒರೆಸಿ, ಒಣಗಿಸಿ, ಮತ್ತೆ ಬಳಿದೆ. ಕ್ಯಾನ್ವಾಸಿನ ಮುಂಬದಿಯಲ್ಲಿ ಗೊತ್ತಾಗಲ್ಲ, ಹಿಂಬದಿಯಲ್ಲಿ ಕಲೆ ಹಾಗೇ ಇದೆ. ಈಗ ಮಿರ್ಚಿ-ಮಂಡಕ್ಕಿ ಅಂಗಡಿಯಲ್ಲೇ ಮುಗಿಸಿ ಬರುತ್ತೇನೆ.