ಹುಳಿ ಬಿಯರಿನ ರೇಟು: ಮೂರು ವರ್ಷದ್ದಕ್ಕೂ ಮೂರು ವಾರದ್ದಕ್ಕೂ ಒಂದೇ ಹೆಸರು

ಬೆಳಗಾವಿಯಲ್ಲಿ ಬಿಯರ್ ಕುಡಿಯುವವರ ಲೆಕ್ಕ ಸರಳ: ಎಷ್ಟು ರೊಕ್ಕ, ಎಷ್ಟು ಏರ್ತದ. ಖಡೇಬಜಾರಿನ ಆಚೀಚೆಯ ಎಂಆರ್‌ಪಿ ಅಂಗಡಿಯಾಗಲಿ, ಟಿಳಕವಾಡಿಯ ಬಾರ್ ಆಗಲಿ, ಗಿರಾಕಿ ಕೈ ಚಾಚುವುದು ಸ್ಟ್ರಾಂಗ್ ಬಾಟ್ಲಿಗೇ. ಇಂಥ ಊರಿಗೆ ಪುಣೆಯಿಂದಲೋ ಬೆಂಗಳೂರಿನಿಂದಲೋ ರಜೆಗೆ ಬಂದ ಹುಡುಗನೊಬ್ಬ, ತಾನು 'ಸಾರ್ ಬಿಯರ್' ಕುಡಿದೆ, ಒಂದು ಗ್ಲಾಸಿಗೆ ಇಲ್ಲಿಯ ಎರಡು ದೊಡ್ಡ ಬಾಟ್ಲಿಯ ರೊಕ್ಕ ಕೊಟ್ಟೆ ಅಂತ ಹೇಳಿದರೆ ಗೆಳೆಯರು ಕೇಳುವುದು ಎರಡೇ ಪ್ರಶ್ನೆ. "ಹುಳಿ ಅಂದ್ರ, ಕೆಟ್ಟಿತ್ತೇನಲೇ?" ಆಮೇಲೆ, "ಏರ್ತದೇನು?"

ಎರಡೂ ತಕ್ಕ ಪ್ರಶ್ನೆಗಳೇ. ಮೊದಲನೆಯದರ ಹಿಂದೆ ನೂರೈವತ್ತು ವರ್ಷದ ಇತಿಹಾಸವಿದೆ, ಎರಡನೆಯದರ ಹಿಂದೆ ಅಬಕಾರಿ ಇಲಾಖೆ ಇದೆ. ಹುಳಿ ಬಿಯರ್ ಯಾಕೆ ಇಷ್ಟು ತುಟ್ಟಿ, ಆ ರೊಕ್ಕಕ್ಕೆ ತಕ್ಕ ಮಾಲು ಅದರಲ್ಲಿದೆಯೇ ಎಂಬುದಕ್ಕೆ ಉತ್ತರ ಹುಡುಕಲು ಎರಡನ್ನೂ ನೋಡಬೇಕು.

ಬಿಯರ್ ಹುಳಿಯಾಗಿರುವುದು ಹೊಸ ಫ್ಯಾಶನ್ ಏನಲ್ಲ. ಹುಳಿ ಇಲ್ಲದಿರುವುದೇ ಹೊಸದು. ರಸವನ್ನು ಹುದುಗಿಸಿ ಬಿಯರ್ ಮಾಡುವ ಯೀಸ್ಟ್ ಎಂಬ ಜೀವಿ ಇದೆಯೆಂದೇ ಗೊತ್ತಿಲ್ಲದ ಕಾಲದಲ್ಲಿ ಬಿಯರನ್ನು ಕಟ್ಟಿಗೆಯ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಿದ್ದರು. ಕಟ್ಟಿಗೆಯ ಸಂದಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತಿದ್ದವು, ಬಿಯರ್ ಹಳೆಯದಾದಷ್ಟೂ ಹುಳಿ ಏರುತ್ತಿತ್ತು. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕುರಿತ ತನ್ನ ಅಧ್ಯಯನವನ್ನು ಪ್ರಕಟಿಸಿ, ಅದು ಕೆಡಲು ಸೂಕ್ಷ್ಮಜೀವಿಗಳೇ ಕಾರಣ ಎಂದು ತೋರಿಸಿದ. 1883ರಲ್ಲಿ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ ಶುದ್ಧ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಳ್ಳಲಿಲ್ಲ, ಬೇರೆ ಬ್ರೂವರಿಗಳಿಗೂ ಹಂಚಿತು. ಅಲ್ಲಿಂದ ಮುಂದೆ ಬಿಯರ್ ಅಂದರೆ ತಿಳಿಯಾಗಿ, ತಣ್ಣಗಾಗಿ, ಎಲ್ಲ ಬಾಟ್ಲಿಯಲ್ಲೂ ಒಂದೇ ರುಚಿ ಇರುವ ಲಾಗರ್ ಎಂದಾಯಿತು. ಹುಳಿ ಎಂಬುದು ದೋಷದ ಪಟ್ಟಿಗೆ ಸೇರಿತು. ನಮ್ಮ ಕಟ್ಟೆಯ ಮೇಲಿನ "ಕೆಟ್ಟಿತ್ತೇನಲೇ"ಗೆ ಹೀಗೆ ಪಾಶ್ಚರನ ಬೆಂಬಲವಿದೆ.

ಆದರೆ ಕಥೆಗೆ ಒಂದು ತಿರುವು ಇದೆ. 1904ರಲ್ಲಿ ಅದೇ ಕಾರ್ಲ್ಸ್‌ಬರ್ಗ್‌ನ ಕ್ಲಾಸೆನ್ ಎಂಬ ವಿಜ್ಞಾನಿ, ಏಲ್ ಎಂಬ ಮಾಗಿದ ಇಂಗ್ಲಿಷ್ ಬಿಯರಿನ ಹೆಸರುವಾಸಿ ರುಚಿಗೆ ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟ್ ಕಾರಣ ಎಂದು ಗುರುತಿಸಿದ. ಬ್ರೂವರಿಯವರು ಈಗ ಮುದ್ದಿನಿಂದ 'ಬ್ರೆಟ್' ಅನ್ನುವುದು ಇದಕ್ಕೇ. ಕುದುರೆ ಲಾಯದ, ಹಳೆ ಚರ್ಮದ ವಾಸನೆ ಇದರ ಗುರುತು. ಹಡಗಿನಲ್ಲಿ ತಿಂಗಳುಗಟ್ಟಲೆ ಕುಲುಕಾಡಿ ಹಿಂದುಸ್ತಾನದ ಸೋಲ್ಜರುಗಳಿಗೆ ಬರುತ್ತಿದ್ದ ಪೀಪಾಯಿಗಳಲ್ಲೂ ಬ್ರೆಟ್ ಇದ್ದಿರಬೇಕು. ಹಾಗಿದ್ದರೆ ನಮ್ಮ ಬೆಳಗಾವಿ ಕ್ಯಾಂಪಿನ ಗೋರಾ ಸಿಪಾಯಿಗಳು ಇಂದಿನ ಕ್ರಾಫ್ಟ್ ಬಿಯರ್ (ಸಣ್ಣ ಬ್ರೂವರಿಗಳ ಬಿಯರ್) ಭಕ್ತರಿಗಿಂತ ನೂರೈವತ್ತು ವರ್ಷ ಮೊದಲೇ ಆ ರುಚಿ ನೋಡಿರಲಿಕ್ಕೂ ಸಾಕು. ಅದೂ ಯಾವ ಹೆಚ್ಚಿನ ದುಡ್ಡನ್ನೂ ಕೊಡದೆ.

ಯುರೋಪಿನ ಒಂದು ಮೂಲೆ ಮಾತ್ರ ಪಾಶ್ಚರ್ ಮತ್ತು ಹ್ಯಾನ್ಸನ್ ಹೇಳಿದ್ದನ್ನು ಕೇಳಲಿಲ್ಲ. ಬೆಲ್ಜಿಯಂನ ಬ್ರಸೆಲ್ಸ್ ಮತ್ತು ಅದರ ಪಕ್ಕದ ಸೆನ್ನೆ ನದಿ ಕಣಿವೆಯಲ್ಲಿ ಲ್ಯಾಂಬಿಕ್ ಎಂಬ ಬಿಯರ್ ಇಂದಿಗೂ ಹಳೆಯ ರೀತಿಯಲ್ಲೇ ಆಗುತ್ತದೆ. ಮೂರರಲ್ಲಿ ಒಂದು ಪಾಲಿನಷ್ಟು ಮೊಳಕೆ ಬರಿಸದ ಗೋದಿ, ಉಳಿದದ್ದು ಮೊಳಕೆ ಬಾರ್ಲಿ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವೂ ಹೊಸದಲ್ಲ, ಬೇಕಂತಲೇ ವರ್ಷಗಟ್ಟಲೆ ಇಟ್ಟು ಕಹಿ ಇಳಿಸಿದ್ದು. ತಾಸುಗಟ್ಟಲೆ ಕುದಿಸಿದ ರಸವನ್ನು ಮಾಳಿಗೆಯ ಮೇಲಿನ ಅಗಲವಾದ, ಆಳವಿಲ್ಲದ ದೊಡ್ಡ ತೊಟ್ಟಿಗೆ ಸುರಿದು ರಾತ್ರಿಯಿಡೀ ಆರಲು ಬಿಡುತ್ತಾರೆ. ಯಾರೂ ಯೀಸ್ಟ್ ಹಾಕುವುದಿಲ್ಲ. ಹೊರಗಿನ ಗಾಳಿಯಲ್ಲಿ, ಮಾಳಿಗೆಯ ತೊಲೆಗಳಲ್ಲಿ, ಪೀಪಾಯಿಯ ಕಟ್ಟಿಗೆಯಲ್ಲಿ ಇರುವ ಜೀವಿಗಳೇ ಆ ಕೆಲಸ ಮಾಡಬೇಕು. ಮರುದಿನ ರಸ ಪೀಪಾಯಿಗೆ ಇಳಿದರೆ ಒಂದು, ಎರಡು, ಮೂರು ವರ್ಷ ಅಲ್ಲೇ. ಆಮೇಲೆ ಎಳೆಯದನ್ನೂ ಹಳೆಯದನ್ನೂ ಬೆರೆಸಿ ಬಾಟ್ಲಿಗೆ ತುಂಬಿ ಮತ್ತೆ ಮಾಗಿಸಿದರೆ ಅದು ಗೂಜ್.

ಈ ಪದ್ಧತಿಯಲ್ಲಿ ರೊಕ್ಕ ಎಲ್ಲೆಲ್ಲಿ ಸೋರುತ್ತದೆ ನೋಡಿ. ಮೂರು ವರ್ಷ ಬಂಡವಾಳ ಪೀಪಾಯಿಯಲ್ಲಿ ಕೂತಿರುತ್ತದೆ, ಅದರ ಬಡ್ಡಿ ಯಾರೂ ಕೊಡುವುದಿಲ್ಲ. ಕಟ್ಟಿಗೆಯ ಮೂಲಕ ಪ್ರತಿ ವರ್ಷ ಒಂದಷ್ಟು ಆವಿಯಾಗುತ್ತದೆ. ಕೆಲವು ಪೀಪಾಯಿ ಶುದ್ಧ ವಿನೆಗರ್ ಆಗಿ ಮೋರಿಗೆ ಹೋಗುತ್ತವೆ. ರಾತ್ರಿಯ ಚಳಿ ಬೇಕಾದ್ದರಿಂದ ಕೆಲಸ ನಡೆಯುವುದು ಹೆಚ್ಚುಕಡಿಮೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಮಾತ್ರ. 1900ರಲ್ಲಿ ಶುರುವಾದ ಬ್ರಸೆಲ್ಸಿನ ಕ್ಯಾಂಟಿಯೋನ್ ಬ್ರೂವರಿ 2015ರ ನವೆಂಬರಿನಲ್ಲಿ ರಾತ್ರಿಗಳು ತಣ್ಣಗಾಗಲೇ ಇಲ್ಲ ಎಂದು ಕುದಿಸುವುದನ್ನೇ ಮುಂದೂಡಬೇಕಾಯಿತು. ಬೇರ್ಸೆಲ್ ಊರಿನ ತ್ರೀ ಫೋಂಟೈನನ್ ಬ್ರೂವರಿಗೆ ಆದದ್ದು ಇನ್ನೂ ಕಷ್ಟದ್ದು. 2009ರಲ್ಲಿ ಅದರ ಗೋದಾಮಿನ ಥರ್ಮೋಸ್ಟಾಟ್ ಕೆಟ್ಟು, ಮಾಗಲು ಇಟ್ಟಿದ್ದ ಬಾಟ್ಲಿಗಳು ಕಾದು ಸಿಡಿದವು, ಸಿಡಿಯದವು ಮಾರಲು ಬಾರದಂತಾದವು. ಹಲವು ವರ್ಷದ ದುಡಿಮೆ ಒಂದೇ ಯಂತ್ರದ ತಪ್ಪಿಗೆ ಹೋಯಿತು. ಮಾಲಿಕ ಅರ್ಮಾಂಡ್ ದೆಬೆಲ್ಡರ್ ಹಾಳಾದ ಬಿಯರನ್ನು ಭಟ್ಟಿ ಇಳಿಸಿ, ಆ ಸ್ಪಿರಿಟ್ ಮಾರಿ ಸಾವರಿಸಿಕೊಂಡ.

ಇಷ್ಟಿದ್ದರೂ ಲ್ಯಾಂಬಿಕ್ ಬಹಳ ಕಾಲ ತುಟ್ಟಿಯಾಗಿರಲಿಲ್ಲ. ಅದು ಬ್ರಸೆಲ್ಸಿನ ಕೂಲಿಕಾರರ, ಗುಮಾಸ್ತರ ದಿನನಿತ್ಯದ ಪೇಯ. ಇಪ್ಪತ್ತನೆಯ ಶತಮಾನದಲ್ಲಿ ಲಾಗರ್ ಮತ್ತು ಸಿಹಿ ಸೋಡಾಗಳ ಮುಂದೆ ಸೋತು ಬ್ರೂವರಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಉಳಿದವರು 1997ರಲ್ಲಿ ಹೋರಾಲ್ ಎಂಬ ಸಂಘ ಕಟ್ಟಿಕೊಂಡರು. ಅದೇ ಹೊತ್ತಿಗೆ 'ಔದೆ ಗೂಜ್', ಅಂದರೆ ಹಳೆಯ ರೀತಿಯ ಗೂಜ್, ಎಂಬ ಹೆಸರಿಗೆ ಯುರೋಪಿನ ಕಾನೂನಿನ ರಕ್ಷಣೆಯೂ ಸಿಕ್ಕಿತು. ಹೊಸ ಶತಮಾನದಲ್ಲಿ ಅಮೆರಿಕದ ಕ್ರಾಫ್ಟ್ ಬಿಯರ್ ಹುಚ್ಚರು ಈ ಬಾಟ್ಲಿಗಳ ಹಿಂದೆ ಬಿದ್ದರು. ಗಿರಾಕಿ ಹತ್ತು ಪಟ್ಟಾದರೂ ಪೀಪಾಯಿಯ ಮೂರು ವರ್ಷ ಎರಡಾಗುವುದಿಲ್ಲ. ಬೆಲೆ ಏರಿದ್ದು ಹೀಗೆ, ಮತ್ತು ಇದರ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಇದರ ಹೆಸರಿನಲ್ಲಿ ಮಾರಾಟವಾಗುವ ಇನ್ನೊಂದು ಮಾಲಿನ ಬಗ್ಗೆ.

ಜರ್ಮನಿಯಲ್ಲಿ ಗೋಸೆ ಎಂಬ ಬಿಯರ್ ಇತ್ತು. ಗೋಸ್ಲಾರ್ ಊರಿನಲ್ಲಿ ಹುಟ್ಟಿ ಲೈಪ್‌ಜಿಗ್‌ನಲ್ಲಿ ಬೆಳೆದದ್ದು. ಗೋದಿ, ಉಪ್ಪು, ಕೊತ್ತಂಬರಿ ಬೀಜ ಹಾಕಿದ ತೆಳು ಹುಳಿ ಪೇಯ. 1966ರಲ್ಲಿ ಅದನ್ನು ಮಾಡುತ್ತಿದ್ದ ಕೊನೆಯ ಬ್ರೂವರಿಯೂ ನಿಂತು, 1980ರ ದಶಕದಲ್ಲಿ ಲೈಪ್‌ಜಿಗ್‌ನಲ್ಲಿ ಮತ್ತೆ ಜೀವ ಬಂತು. ಗೋಸೆ, ಬರ್ಲಿನ್ನಿನ ಬರ್ಲಿನರ್ ವೈಸ್ ಎರಡೂ ಬೇಗ ಆಗುವ ಹುಳಿ ಬಿಯರುಗಳು. ಇವನ್ನು ಇನ್ನೂ ಬೇಗ ಮಾಡುವ ಉಪಾಯವೇ ಕೆಟಲ್ ಸಾರ್. ಬಾರ್ಲಿಯ ಸಿಹಿ ರಸವನ್ನು ನಲವತ್ತು ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಟ್ಟು ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ಬಿಡುತ್ತಾರೆ. ನಮ್ಮ ಅಡಿಗೆಮನೆಯಲ್ಲಿ ಉಗುರು ಬೆಚ್ಚಗಿನ ಹಾಲಿಗೆ ಹೆಪ್ಪು ಹಾಕುವ ಕೆಲಸವೇ ಇದು, ಜೀವಿಗಳೂ ಅದೇ ಬಳಗದವು. ಒಂದೆರಡು ದಿನದಲ್ಲಿ ರಸ ಹುಳಿಯಾಗುತ್ತದೆ. ಆಗ ಕುದಿಸಿ ಬ್ಯಾಕ್ಟೀರಿಯಾ ಕೊಂದು, ಎಂದಿನ ಯೀಸ್ಟ್ ಹಾಕಿ, ಬೇಕಾದರೆ ಮಾವಿನದೋ ಪೇರಲದ್ದೋ ತಿರುಳು ಬೆರೆಸಿದರೆ ಎರಡು ಮೂರು ವಾರದಲ್ಲಿ ಗ್ಲಾಸಿಗೆ ತಯಾರು.

ಕೆಟಲ್ ಸಾರ್ ಕಳಪೆ ಅಂತ ನಾನು ಹೇಳುತ್ತಿಲ್ಲ. ಚೈತ್ರದ ಬಿಸಿಲಿನಲ್ಲಿ ಉಪ್ಪು ಹಾಕಿದ ತಣ್ಣನೆಯ ಗೋಸೆ ಒಳಗಿಳಿದರೆ ಹೊಟ್ಟೆಗೆ ಹಾಯೆನಿಸುತ್ತದೆ. ನಾಲಿಗೆಯ ಬದಿಗೆ ಚುರುಕು ಹುಳಿ, ಹಿಂದಿನಿಂದ ಕೊತ್ತಂಬರಿಯ ಘಮ, ಕೊನೆಗೆ ಉಪ್ಪು. ಮಜ್ಜಿಗೆ ಕುಡಿದು ಬೆಳೆದ ನಮ್ಮ ಕಡೆಯ ನಾಲಿಗೆಗೆ ಅದು ಪರಕೀಯವೇ ಅಲ್ಲ. ಆದರೆ ಅದರ ಖರ್ಚು ಯಾವುದು? ಸಾದಾ ಏಲ್‌ಗಿಂತ ಒಂದೆರಡು ದಿನ ಹೆಚ್ಚು ಪಾತ್ರೆ ಹಿಡಿದಿಡುವುದು, ಹಣ್ಣಿನ ತಿರುಳು, ಬ್ಯಾಕ್ಟೀರಿಯಾ ಬೇರೆ ಬಿಯರಿಗೆ ತಗುಲದಂತೆ ತೊಳೆಯುವ ಕೆಲಸ. ಹಣ್ಣು ತುಂಬಾ ಸುರಿದಿದ್ದರೆ ಆ ಖರ್ಚು ನಿಜವಾದದ್ದೇ. ಪೀಪಾಯಿಯ ಬಡ್ಡಿ, ಆವಿ, ಮೋರಿಗೆ ಸುರಿದ ಬ್ಯಾರಲ್ಲು ಯಾವುದೂ ಇದರಲ್ಲಿ ಇಲ್ಲ. ಮೆನು ಕಾರ್ಡಿನಲ್ಲಿ ಮಾತ್ರ ಎರಡೂ 'ಸಾರ್'.

ಇನ್ನು ನಮ್ಮ ರಾಜ್ಯದ ಲೆಕ್ಕ. 2010ರ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಮೈಕ್ರೋಬ್ರೂವರಿಗಳು, ಅಂದರೆ ಅಲ್ಲೇ ಬಿಯರ್ ಮಾಡಿ ಅಲ್ಲೇ ಬಡಿಸುವ ಜಾಗಗಳು, ಬಾಗಿಲು ತೆರೆದಾಗ ಕ್ರಾಫ್ಟ್ ಬಿಯರ್ ಕರ್ನಾಟಕಕ್ಕೆ ಬಂತು. ಮದ್ಯ ಜಿಎಸ್‌ಟಿಯ ಹೊರಗಿದೆ, ತೆರಿಗೆ ರಾಜ್ಯದ ಕೈಯಲ್ಲಿ. 2023ರ ಜುಲೈ ಬಜೆಟ್ಟಿನಲ್ಲಿ ಬಿಯರಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175ರಿಂದ 185ಕ್ಕೆ ಏರಿತು. 2025ರ ಜನವರಿ 20ರಿಂದ ಶೇ 195 ಅಥವಾ ಲೀಟರಿಗೆ 130 ರೂಪಾಯಿ, ಯಾವುದು ಹೆಚ್ಚೋ ಅದು, ಎಂದಾಯಿತು. ಅದರ ಜೊತೆ ಮೂಲ ಸುಂಕವನ್ನು ಆಲ್ಕೋಹಾಲ್ ಅಂಶಕ್ಕೆ ಕಟ್ಟಿದರು: ಶೇ 5ರವರೆಗಿನ ಬಿಯರಿಗೆ ಲೀಟರಿಗೆ 12, ಅದಕ್ಕೂ ಮೇಲೆ ಶೇ 8ರವರೆಗೆ 20 ರೂಪಾಯಿ. ಆ ಬಳಿಕವೂ ದರ ಪರಿಷ್ಕರಣೆ ಆಗಿದೆ, ಆದರೆ ವಿಷಯ ಅರ್ಥವಾಗಲು ಈ ಅಂಕಿ ಸಾಕು.

ಶೇ 195 ಅಂದರೆ ಏನೆಂದು ಒಮ್ಮೆ ಕೂಡಿಸಿ ನೋಡಿ. ಬ್ರೂವರಿ ಘೋಷಿಸಿದ ಬೆಲೆ ನೂರು ಇದ್ದರೆ ಅದರ ಮೇಲೆ ಸುಂಕ 195, ಒಟ್ಟು 295. ಅಂದರೆ ಬ್ರೂವರಿಯಲ್ಲಿ ಒಂದು ರೂಪಾಯಿ ಖರ್ಚು ಹೆಚ್ಚಾದರೆ ಅಂಗಡಿಯಲ್ಲಿ ಸುಮಾರು ಮೂರು ರೂಪಾಯಿ ಹೆಚ್ಚಾಗುತ್ತಿತ್ತು, ಅಂಗಡಿಯವನ ಕಮಿಷನ್ ಬೇರೆ. ಅಗ್ಗದ ಬಿಯರಿನಲ್ಲಿ ಲೀಟರಿಗೆ 130ರ ಲೆಕ್ಕ ಬೀಳುತ್ತಿತ್ತು. ಲೀಟರಿಗೆ 67 ರೂಪಾಯಿ ದಾಟಿದ್ದಕ್ಕೆಲ್ಲ ಪ್ರತಿಶತದ ಲೆಕ್ಕ. ಟಿನ್ನಿನಲ್ಲಿ ಬರುವ ಹುಳಿ ಬಿಯರಿನ ಹಣ್ಣಿಗೆ, ಅದನ್ನು ಮಾಗಿಸಿದ ಸಮಯಕ್ಕೆ ನೀವು ಕೊಟ್ಟ ಮೂರು ರೂಪಾಯಿಯಲ್ಲಿ ಬ್ರೂವರಿಗೆ ಸೇರುತ್ತಿದ್ದದ್ದು ಒಂದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಬಾರ್ಲಿ, ಗಾಜು ತುಟ್ಟಿಯಾದಾಗಲೂ ಹೊರೆ ಹೀಗೆಯೇ ಹಿಗ್ಗಿ ಗಿರಾಕಿಯ ಮೇಲೆ ಬಿತ್ತು. ಬೆಲ್ಜಿಯಂನಿಂದ ಬರುವ ಬಾಟ್ಲಿಯ ಮೇಲೆ ಮೊದಲಿಗೆ ಶೇ 100 ಕಸ್ಟಮ್ಸ್ ಸುಂಕ, ಆ ಸುಂಕದ ಮೇಲೆ ಶೇ 10 ಸರ್ಚಾರ್ಜ್. ಆಮೇಲೆ ರಾಜ್ಯದ ಪಾಳಿ.

ಹಾಗಾಗಿ "ಏರ್ತದೇನು" ಎಂದು ಕೇಳುವವನ ಲೆಕ್ಕದಲ್ಲಿ ಹುಳಿ ಬಿಯರ್ ಎಂದೂ ಗೆಲ್ಲುವುದಿಲ್ಲ. ಹೆಚ್ಚಿನವುಗಳ ಕಸು ಶೇ 4-5. ಸ್ಟ್ರಾಂಗ್ ಬಿಯರಿಗೆ ಹೋಲಿಸಿದರೆ 2025ರ ಆ ಮೂಲ ಸುಂಕದಲ್ಲಿ ಉಳಿದದ್ದು ಲೀಟರಿಗೆ ಎಂಟು ರೂಪಾಯಿ, ಯಾವ ಲೆಕ್ಕಕ್ಕೂ ಇಲ್ಲ. ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬು ಅರೆದರೆ ಕಾಕಂಬಿ ಬರುತ್ತದೆ, ಕಾಕಂಬಿಯಿಂದ ಸ್ಪಿರಿಟ್. ನಶೆಯ ಕಚ್ಚಾ ಮಾಲು ಹಿತ್ತಲಲ್ಲೇ ಇರುವ ಸೀಮೆ ಇದು. ಬಾರ್ಲಿ ಬರಬೇಕಾದ್ದು ರಾಜಸ್ಥಾನ, ಉತ್ತರ ಪ್ರದೇಶದ ಕಡೆಯಿಂದ, ಹಾಪ್ಸ್ ಬಹುಪಾಲು ಹೊರದೇಶದಿಂದ.

ಹುಳಿ ಬಿಯರಿಗೆ ಸ್ಟ್ರಾಂಗ್ ಬಾಟ್ಲಿಗಿಂತ ಹತ್ತಿರದ ಸಂಬಂಧಿ ವಿಜಯಪುರದಲ್ಲಿದೆ. 2007ರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯಲ್ಲಿ ರಾಜ್ಯ ಸರಕಾರ ವೈನನ್ನು ರೈತರ ಬೆಳೆಯ ಮುಂದುವರಿಕೆ ಎಂದು ನೋಡಿತು, ಮಂಡಳಿ ರಚಿಸಿತು, ರಿಯಾಯಿತಿ ಕೊಟ್ಟಿತು. ತೊರವಿಯಲ್ಲಿ ವೈನ್ ಪಾರ್ಕಿನ ಯೋಜನೆಯೂ ಬಂತು. ತಿಕೋಟಾ ಸೀಮೆಯ ದ್ರಾಕ್ಷಿ ಪೀಪಾಯಿಯಲ್ಲಿ ಕೂತರೆ ಕೃಷಿ, ಬಾರ್ಲಿ ಕೂತರೆ ಚಟ. ವೈನಿನಲ್ಲಿ ಆಲ್ಕೋಹಾಲ್ ಶೇ 12ರ ಆಸುಪಾಸು ಇರುತ್ತದೆ, ಹುಳಿ ಬಿಯರಿನ ಎರಡು ಪಟ್ಟಿಗೂ ಹೆಚ್ಚು. ದ್ರಾಕ್ಷಿ ರೈತನಿಗೆ ಸಿಕ್ಕಿದ್ದು ಸರಿಯೇ, ಅದನ್ನು ಕಿತ್ತುಕೊಳ್ಳಿ ಅಂತ ನಾನು ಹೇಳಲಾರೆ. ಆದರೆ ಹಣ್ಣು ಹಾಕಿದ, ಕಸು ಕಡಿಮೆ ಇರುವ ಬಿಯರನ್ನು ಶೇ 8ರ ಬಾಟ್ಲಿಯ ಜೊತೆ ಒಂದೇ ಪ್ರತಿಶತಕ್ಕೆ ಕಟ್ಟಿದ್ದರಲ್ಲಿ ಯಾವ ನ್ಯಾಯವೂ ಕಾಣುವುದಿಲ್ಲ.

ಬೆಳಗಾವಿಯವರು ಇದಕ್ಕೆ ಕಂಡುಕೊಂಡ ದಾರಿ ಚೋರ್ಲಾ ಘಾಟ್. ಗೋವಾದಲ್ಲಿ ತೆರಿಗೆ ಕಡಿಮೆ, ಅದೇ ಟಿನ್ ಅಲ್ಲಿ ಅಗ್ಗ. ಕುಡಿದು ಬಂದರೆ ಸರಿ (ಗಾಡಿ ಬೇರೆಯವರು ಹೊಡೆಯಬೇಕು), ಪರವಾನಗಿ ಇಲ್ಲದೆ ಡಿಕ್ಕಿಯಲ್ಲಿ ತಂದರೆ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಮಾಲೂ ಹೋಗುತ್ತದೆ, ಕೇಸೂ ಬೀಳುತ್ತದೆ.

ಹಾಗಾದರೆ ರೊಕ್ಕ ಕೊಡಬಹುದೇ? ಬಾಟ್ಲಿಯ ಮೇಲೆ 'ಔದೆ ಗೂಜ್' ಎಂದಿದ್ದರೆ, ಅದೂ ಬೆಲ್ಜಿಯಂನದ್ದಾದರೆ, ವರ್ಷಕ್ಕೊಮ್ಮೆ ಕೊಡಿ, ನಾಲ್ಕು ಜನ ಹಂಚಿಕೊಂಡು ಕುಡಿಯಿರಿ. ಒಬ್ಬನೇ ಮುಗಿಸುವ ಪೇಯವಲ್ಲ ಅದು, ಆ ಹುಳಿಗೆ ಎರಡನೇ ಗ್ಲಾಸಿಗೇ ಹಲ್ಲು ಚುಳ್ಳೆನ್ನುತ್ತದೆ. ಸುಂಕ ನೆನೆದು ಹೊಟ್ಟೆ ಉರಿದರೂ ಒಳಗಿರುವ ಮೂರು ವರ್ಷ ಸುಳ್ಳಲ್ಲ. ಲೇಬಲ್ಲಿನಲ್ಲಿ ಬರೀ 'ಸಾರ್' ಎಂದಿದ್ದರೆ ಅದು ಕೆಟಲ್ ಸಾರ್ ಎಂದೇ ತಿಳಿಯಿರಿ. ಮೈಕ್ರೋಬ್ರೂವರಿಯಲ್ಲಿ ಕೂತಿದ್ದರೆ ಪೀಪಾಯಿಯಲ್ಲಿ ಎಷ್ಟು ತಿಂಗಳು ಇಟ್ಟಿದ್ದಿರಿ ಎಂದು ಕೇಳಿ. ಇಟ್ಟವರು ಉತ್ಸಾಹದಿಂದ ಹೇಳುತ್ತಾರೆ, ಇಡದವರು ಹಣ್ಣಿನ ಬಗ್ಗೆ ಮಾತು ತೆಗೆಯುತ್ತಾರೆ. ಹಣ್ಣಿನ ಮಾತಾದರೆ ಅದೇ ಕಡೆಯ ಸಾದಾ ಏಲ್‌ಗಿಂತ ಕಾಲುಭಾಗ ಹೆಚ್ಚು ಕೊಡುವುದು ನನ್ನ ಮಿತಿ. ಕೋಕಂ ಹಾಕಿದ ಗೋಸೆಯಾದರೆ ಇನ್ನೊಂದಿಷ್ಟು ಸಡಿಲಿಸುತ್ತೇನೆ, ಉಪ್ಪಿಗೂ ಕೋಕಂಗೂ ಚೆನ್ನಾಗಿ ಹೊಂದುತ್ತದೆ. ಎರಡು ಪಟ್ಟು ಕೇಳಿದರೆ ಮೆನು ಮಡಚಿ ಲಾಗರ್ ಹೇಳಿ.