ನಾಯಿಮರಿ, ಕ್ರೇಟು ಮತ್ತು ಪಾವ್ಲೋವ್ ಲ್ಯಾಬಿಗೆ ನುಗ್ಗಿದ ನೀರು

ಮೊದಲ ಸಲ ನಾಯಿಮರಿ ತಂದೋರು ಕ್ರೇಟ್ (ನಾಯಿ ಮಲಗೋಕೆ ಮನೆಯೊಳಗೆ ಇಡೋ, ಬಾಗಿಲಿರೋ ಸರಳಿನ ಗೂಡು) ಬಗ್ಗೆ ಯಾರನ್ನ ಕೇಳಿದ್ರೂ ಸಿಗೋ ಉತ್ತರ ಹೆಚ್ಚುಕಮ್ಮಿ ಇದೇ: "ನಾಯಿಗಳು ತೋಳದ ವಂಶ, ಕಾಡಲ್ಲಿ ಗುಹೆಯಲ್ಲಿ ಮಲಗ್ತಿದ್ವು, ಅದಕ್ಕೆ ಕ್ರೇಟ್ ಅಂದ್ರೆ ಅವಕ್ಕೆ ಹುಟ್ಟಿನಿಂದಲೇ ಇಷ್ಟ, ಒಳಗೆ ಬಿಟ್ಟು ಬಾಗಿಲು ಹಾಕಿ, ಎರಡು ದಿನ ಅಳುತ್ತೆ ಆಮೇಲೆ ಸರಿಹೋಗುತ್ತೆ." ಈ ಮಾತು ಕೇಳಿದಾಗೆಲ್ಲ ನಂಗೆ ಸುಮ್ನಿರೋಕಾಗಲ್ಲ. ನಾನು ಕ್ರೇಟ್ ಪರವೇ ಇದೀನಿ. ಆದ್ರೆ ಇವರು ಕೊಡೋ ಕಾರಣ ತಪ್ಪು, ಕಾರಣ ತಪ್ಪಾದ್ರೆ ವಿಧಾನನೂ ತಪ್ಪುತ್ತೆ, ಅದರ ಫಲ ಉಣ್ಣೋದು ಎಂಟು ವಾರದ ಮರಿ.

ತೋಳಗಳು ಬಿಲ, ಗುಹೆ ಹುಡುಕೋದು ಮರಿ ಹಾಕೋಕೆ. ಮರಿಗಳಿಗೆ ಎಂಟು ಹತ್ತು ವಾರ ಆಗ್ತಿದ್ದ ಹಾಗೆ ಅವನ್ನ ಹೊರಗಿನ ತೆರೆದ ಜಾಗಕ್ಕೆ ಕರ್ಕೊಂಡು ಹೋಗ್ತವೆ, ದೊಡ್ಡ ತೋಳಗಳು ಮಲಗೋದು ಸಾಮಾನ್ಯವಾಗಿ ಬಯಲಲ್ಲೇ. ಅಂದ್ರೆ ನಾವು ಮರಿಯನ್ನ ಮನೆಗೆ ತರೋ ವಯಸ್ಸಿಗೆ ಸರಿಯಾಗಿ ತೋಳದ ಮರಿ ಬಿಲ ಬಿಟ್ಟು ಹೊರಡುತ್ತೆ! ನಮ್ಮ ಬೀದಿನಾಯಿಗಳ ಮೇಲೆ ಕೋಲ್ಕತ್ತಾದ ಐಸರ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಅವರ ತಂಡ ವರ್ಷಗಟ್ಟಲೆ ಕೆಲಸ ಮಾಡಿದೆ, 2016ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ತಾಯಿನಾಯಿ ಮರಿ ಹಾಕೋಕೆ ಆರಿಸಿಕೊಳ್ಳೋದು ಜನರಿಗೆ ಹತ್ತಿರ ಇರೋ ಜಾಗಾನೇ. ಕತ್ತಲೆ ಗುಹೆಗಿಂತ ಜೊತೆಗೆ ಯಾರಾದ್ರೂ ಇರೋದು ಮುಖ್ಯ ಅಂತ ನಾನು ಇದರಿಂದ ತಿಳ್ಕೊಳ್ಳೋದು. ಅದೂ ಅಲ್ದೆ ಹೊರಗಿಂದ ಚಿಲಕ ಹಾಕೋ ಬಿಲ ಯಾವ ಕಾಡಲ್ಲೂ ಇಲ್ಲ.

ಮರಿ ಹುಟ್ಟಿನಿಂದ ತರೋ ಗುಣ ಬೇರೆ ಒಂದಿದೆ. ಮೊದಲ ಎರಡು ಮೂರು ವಾರ ಮರಿಗೆ ತಾನಾಗೇ ಉಚ್ಚೆ ಮಾಡೋಕೂ ಬರಲ್ಲ, ತಾಯಿ ನೆಕ್ಕಿದ್ರೆ ಮಾತ್ರ ಬರುತ್ತೆ, ಅದನ್ನ ತಾಯೀನೇ ನೆಕ್ಕಿ ಜಾಗ ಚೊಕ್ಕಟ ಇಡುತ್ತೆ. ಕಾಲಿಗೆ ಬಲ ಬಂದ ಮೇಲೆ ಮರಿ ತಡವರಿಸಿಕೊಂಡು ಮಲಗೋ ಜಾಗದಿಂದ ಆಚೆ ಹೋಗಿ ಮಾಡಿ ಬರುತ್ತೆ. ಕ್ರೇಟ್ ಕೆಲಸ ಮಾಡೋದು ಈ ಗುಣದ ಮೇಲೆ. ಅದಕ್ಕೇ ಸೈಜ್ ಮುಖ್ಯ: ನಿಂತ್ಕೊಂಡು, ತಿರುಗಿ, ಕಾಲು ಚಾಚಿ ಮಲಗೋಷ್ಟು ಸಾಕು, ಜಾಸ್ತಿ ದೊಡ್ಡದಾದ್ರೆ ಒಂದು ಮೂಲೆ ಬೆಡ್‌ರೂಮು, ಇನ್ನೊಂದು ಮೂಲೆ ಬಾತ್‌ರೂಮು. ಮುಧೋಳ ಮರಿ ತಂದೋರು ಕೆಲವೇ ತಿಂಗಳಲ್ಲಿ ಉದ್ದಕಾಲಿನ ನಾಯಿಗೆ ಜಾಗ ಮಾಡ್ಬೇಕಾಗುತ್ತೆ, ಮಧ್ಯೆ ತಡೆ ಹಾಕಿ ಸರಿಸೋಕೆ ಬರೋ ಕ್ರೇಟೇ ತಗೊಳ್ಳಿ. ಇನ್ನೊಂದು ಬೇಜಾರಿನ ವಿಷಯ, ಇಕ್ಕಟ್ಟಿನ ಬೋನಲ್ಲಿ ತಾನು ಮಾಡಿದ್ರ ಮೇಲೇ ಮಲಗಿ ಬೆಳೆದ ಮರಿಯಲ್ಲಿ ಈ ಗುಣ ಕೆಟ್ಟುಹೋಗಿರಬಹುದು, ಅಂಥ ಮರಿಗೆ ಕ್ರೇಟಲ್ಲಿ ಗಲೀಜಾಯ್ತು ಅಂತ ಬೈದ್ರೆ ಅದಕ್ಕೆ ಅರ್ಥ ಆಗೋದು ನಿಮ್ಮ ಕೈ ಅಂದ್ರೆ ಭಯ ಅನ್ನೋದು ಮಾತ್ರ.

ಇನ್ನು ಪಾವ್ಲೋವ್. ನಿಮ್ಮ ಮನೇಲಿ ಕುಕ್ಕರ್ ಮೂರನೇ ಸೀಟಿ ಹೊಡೆದ ತಕ್ಷಣ ಬಾಯಲ್ಲಿ ನೀರು ಬರುತ್ತಲ್ಲ, ಅನ್ನ ಇನ್ನೂ ಕಂಡೇ ಇಲ್ಲ, ಸೀಟಿಗೂ ರುಚಿಗೂ ಸಂಬಂಧ ಇಲ್ಲ, ಆದ್ರೂ ದೇಹ ತಯಾರಾಗಿಬಿಡುತ್ತೆ, ಯಾಕಂದ್ರೆ ವರ್ಷಗಟ್ಟಲೆ ಸೀಟಿ ಆದ್ಮೇಲೆ ಊಟ ಬಂದಿದೆ. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೋವ್ ನಾಯಿಗಳಲ್ಲಿ ಅಳೆದಿದ್ದು ಇದನ್ನೇ, ಜೊಲ್ಲನ್ನ ಹನಿ ಹನಿ ಎಣಿಸಿ. ಅವರಿಗೆ 1904ರಲ್ಲಿ ನೊಬೆಲ್ ಬಂದಿದ್ದು ಇದಕ್ಕಲ್ಲ, ಜೀರ್ಣಕ್ರಿಯೆಯ ಸಂಶೋಧನೆಗೆ. ಇಲ್ಲಿ ಎಲ್ಲರೂ ಮರೆಯೋದು ಕ್ರಮ. ಸೂಚನೆ ಮೊದಲು, ಊಟ ಆಮೇಲೆ. ಕ್ರೇಟಿಗೆ ಇದನ್ನ ಹಚ್ಚಿ ನೋಡಿ: ನೀವು ದಿನಾ ಚಿಕನ್ ಚೂರು ಒಳಗೆ ಹಾಕ್ತೀರ, ಮರಿ ಒಳಗೆ ಹೋಗುತ್ತೆ, ತಕ್ಷಣ ಬಾಗಿಲು ಮುಚ್ಚಿ ಆಫೀಸಿಗೆ ಹೊರಡ್ತೀರ. ಈಗ ಚಿಕನ್ ಯಾವುದರ ಸೂಚನೆ ಆಯ್ತು? ಒಂಟಿಯಾಗೋದರ ಸೂಚನೆ. ಸ್ವಲ್ಪ ದಿನದಲ್ಲಿ ಮರಿ ಚಿಕನ್ ನೋಡಿನೇ ಹಿಂದೆ ಸರಿಯುತ್ತೆ, ನೀವು "ಇದಕ್ಕೆ ಚಿಕನ್ನೂ ಬೇಡ್ವಂತೆ" ಅಂತೀರ.

1924ರ ಸೆಪ್ಟೆಂಬರಲ್ಲಿ ಲೆನಿನ್‌ಗ್ರಾಡಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ನೆವಾ ನದಿ ಉಕ್ಕಿ ಪಾವ್ಲೋವ್ ಅವರ ಲ್ಯಾಬಿನ ನಾಯಿಗಳ ಮನೆಗೆ ನೀರು ನುಗ್ತು. ನಾಯಿಗಳು ಬೋನಿನ ಒಳಗೆ, ನೀರು ಮೇಲೇರಿದ ಹಾಗೆ ಈಜ್ತಾ ಮೂತಿಯನ್ನ ಬೋನಿನ ಚಾವಣಿಗೆ ಒತ್ತಿಕೊಂಡಿದ್ವು, ಬಾಗಿಲು ಮಾತ್ರ ಕೆಳಗೆ. ಬಿಡಿಸೋಕೆ ಬಂದೋರು ಒಂದೊಂದರ ತಲೆಯನ್ನ ನೀರಲ್ಲಿ ಮುಳುಗಿಸಿ ಬಾಗಿಲಿಂದ ಹೊರಗೆ ಎಳೀಬೇಕಾಯ್ತು. ಜೀವ ಉಳೀತು, ಆದ್ರೆ ಕೆಲವು ನಾಯಿಗಳು ಅಷ್ಟು ದಿನ ಕಲಿತಿದ್ದ ಪಾಠ ಕಳ್ಕೊಂಡ್ವು, ಎಷ್ಟೋ ದಿನ ಆದ್ಮೇಲೆ ಪಾಠ ಮರಳಿದ ನಾಯಿಯೊಂದರ ಕೋಣೆಗೆ ಬಾಗಿಲ ಸಂದಿಯಿಂದ ಸ್ವಲ್ಪ ನೀರು ಹರಿಸಿದ್ರೆ ಸಾಕು, ಮತ್ತೆ ಗಾಬರಿ. ಒಳ್ಳೇದನ್ನ ಕಲಿಯೋಕೆ ಎಷ್ಟೋ ಸಲ ಬೇಕು, ಭಯ ಕಲಿಯೋಕೆ ಒಂದೇ ಸಲ ಸಾಕಾಗಬಹುದು. ಮರಿಯನ್ನ ಮೊದಲ ರಾತ್ರಿನೇ ಕ್ರೇಟಲ್ಲಿ ಹಾಕಿ ನಡುಮನೆಯಲ್ಲಿ ಒಂಟಿ ಬಿಟ್ಟು ಬೆಳಗಿನ ತನಕ ಅಳೋಕೆ ಬಿಡಿ ಅಂತ ಹೇಳೋರ ಮೇಲೆ ನಂಗೆ ಸಿಟ್ಟು ಬರೋದು ಇದಕ್ಕೇ.

ಹಾಗಾದ್ರೆ ಶುರು ಹೇಗೆ? ಬಾಗಿಲು ತೆಗೆದು ಕಟ್ಟಿಡಿ, ಅದು ಬಡಿದು ಸದ್ದು ಮಾಡ್ಬಾರ್ದು. ಒಳಗೆ ಚಾಪೆ, ಹಿಂದುಗಡೆ ಊಟದ ಬಟ್ಟಲು. ಮೊದಲ ಸಲ ಮರಿ ಹೇಗೆ ಹೋಗುತ್ತೆ ಗಮನ ಇಟ್ಟು ನೋಡಿ: ಮುಂದಿನ ಎರಡು ಕಾಲು ಮಾತ್ರ ಒಳಗೆ, ಹಿಂದಿನ ಕಾಲು ಹೊರಗೆ ಗಟ್ಟಿ ಊರಿ, ಕತ್ತು ರಬ್ಬರ್ ಹಾಗೆ ಉದ್ದ ಮಾಡಿ ಚೂರು ಕಚ್ಚಿ, ಹೊರಗೆ ತಂದು ತಿನ್ನುತ್ತೆ. ಅದು ಅನುಮಾನ, ಅವಸರ ಮಾಡ್ಬೇಡಿ. ಹಿಂದಿನ ಕಾಲೂ ಒಳಗೆ ಬಂದು, ಅಲ್ಲೇ ನಿಂತು ತಿಂದು, ಒಂದಿನ ತಾನಾಗೇ ಅಲ್ಲಿ ಮುದುಡಿ ಮಲಗಿದ ಮೇಲೆ ಬಾಗಿಲು ಕ್ಷಣಮಾತ್ರ ಮುಚ್ಚಿ, ಒಳಗೆ ಇನ್ನೂ ತಿಂತಿರೋವಾಗಲೇ ತೆಗೀರಿ. ಆಮೇಲೆ ನಿಧಾನಕ್ಕೆ ಜಾಸ್ತಿ. ಊಟ ಆದ ಕೂಡಲೇ, ನಿದ್ದೆಯಿಂದ ಎದ್ದ ಕೂಡಲೇ, ಆಟ ಆದ ಕೂಡಲೇ ಹೊರಗೆ ಕರ್ಕೊಂಡು ಹೋಗಿ, ಯಾಕಂದ್ರೆ ಹೊಟ್ಟೆ ಹಿಗ್ಗಿದ ತಕ್ಷಣ ದೊಡ್ಡ ಕರುಳು ಹಿಂಡೋಕೆ ಶುರು ಮಾಡುತ್ತೆ, ಇದು ನಮ್ಮ ದೇಹದಲ್ಲೂ ಇದೆ. ಮೂಗು ನೆಲಕ್ಕೆ ಹಚ್ಚಿ ಗಿರಗಿರ ಸುತ್ತೋಕೆ ಶುರು ಮಾಡಿದ್ರೆ ಯೋಚನೆ ಮಾಡೋಕೆ ಟೈಮಿಲ್ಲ, ಎತ್ಕೊಂಡು ಓಡಿ.

ರಾತ್ರಿ ಅಳೋ ವಿಷಯ. ಮರಿ ಊಳಿಟ್ರೆ ಮನೇಲಿ ಹಿರಿಯರು "ನಾಯಿ ಅತ್ರೆ ಕೇಡು, ಅದಕ್ಕೆ ಯಮದೂತರು ಕಾಣ್ತಾರೆ" ಅಂತ ಶುರು ಮಾಡ್ತಾರೆ, ಎಷ್ಟೋ ಮರಿಗಳು ಈ ಒಂದು ಮಾತಿಗೆ ವಾರದೊಳಗೆ ಮನೆಯಿಂದ ಆಚೆ ಹೋಗ್ತವೆ, ಅದು ನಂಗೆ ತುಂಬ ನೋವು ಕೊಡೋ ವಿಷಯ. ಅಜ್ಜಿಗೆ ಹೀಗೆ ಹೇಳಿ: ನಿನ್ನೆ ತನಕ ಅದು ಅಮ್ಮನ ಹೊಟ್ಟೆಗೆ ಒತ್ತಿಕೊಂಡು, ಅಣ್ಣತಮ್ಮಂದಿರ ಮೇಲೆ ಬಿದ್ಕೊಂಡು ಮಲಗ್ತಿತ್ತು ಅಜ್ಜಿ, ಈಗ ಒಂಟಿ, ಅದಕ್ಕೆ ಕೂಗ್ತಿದೆ. 1978ರಲ್ಲಿ ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಮತ್ತು ಜೊತೆಗಾರರು ಒಂಟಿಯಾಗಿ ಅಳೋ ನಾಯಿಮರಿಗಳಿಗೆ ತೀರಾ ಸ್ವಲ್ಪ ಮಾರ್ಫಿನ್ ಕೊಟ್ಟು ನೋಡಿದ್ರು, ಅಳು ಇಳಿದುಹೋಯ್ತು. ನೋವು ತಗ್ಗಿಸೋ ಔಷಧಿ ಒಂಟಿತನದ ಅಳೂ ತಗ್ಗಿಸ್ತು ಅಂದ್ರೆ ಅದು ಹಟ ಅಲ್ಲ, ನಿಜವಾದ ಸಂಕಟ. ಅದಕ್ಕೆ ನಮ್ಮ ಹತ್ರ ಇರೋ ಔಷಧಿ ಸುಲಭ, ಮೊದಲ ಕೆಲವು ವಾರ ಕ್ರೇಟನ್ನ ನಿಮ್ಮ ಮಂಚದ ಪಕ್ಕ ಇಡಿ, ಕೈ ಇಳಿಬಿಟ್ರೆ ಸರಳಿಗೆ ತಾಗೋ ಹಾಗೆ. ಮಧ್ಯರಾತ್ರಿ ಎದ್ದು ಚಡಪಡಿಸಿದ್ರೆ ಲೈಟ್ ಹಾಕದೆ, ಮುದ್ದು ಮಾಡದೆ ಉಚ್ಚೆಗೆ ಕರ್ಕೊಂಡು ಹೋಗಿ ಸೀದಾ ವಾಪಸ್ ತನ್ನಿ.

ಇಷ್ಟೆಲ್ಲ ಮಾಡಿದ್ರೂ ಕ್ರೇಟ್ ದಿನವಿಡೀ ಬಿಟ್ಟುಹೋಗೋ ಜಾಗ ಅಲ್ಲ. ಹಗಲಲ್ಲಿ ಮರಿ ಹಿಡ್ಕೊಳ್ಳೋದು ಅದರ ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದಷ್ಟು ಗಂಟೆ ಅನ್ನೋದು ಒಂದು ಅಂದಾಜು, ಎರಡು ತಿಂಗಳಿನದಕ್ಕೆ ಮೂರು ಗಂಟೆಯೇ ಜಾಸ್ತಿ. ಸ್ವೀಡನ್‌ನಲ್ಲಂತೂ ಮನೆಯೊಳಗೆ ನಾಯಿಯನ್ನ ಹೀಗೆ ಕೂಡಿಹಾಕಿ ಸಾಕೋಕೆ ಕಾನೂನೇ ಬಿಡಲ್ಲ, ಪ್ರಯಾಣದಂಥ ಸಂದರ್ಭಕ್ಕೆ ಮಾತ್ರ ವಿನಾಯಿತಿ. ಗಂಡ ಹೆಂಡ್ತಿ ಇಬ್ರೂ ಬೆಳಗ್ಗೆ ಹೋಗಿ ಸಂಜೆ ಬರೋರಾದ್ರೆ ಮಧ್ಯೆ ಬಂದು ನೋಡ್ಕೊಳ್ಳೋರನ್ನ ಮೊದಲು ಗೊತ್ತು ಮಾಡಿ, ಮರಿ ಆಮೇಲೆ ತನ್ನಿ. ಮತ್ತೆ ನಮ್ಮ ಏಪ್ರಿಲ್ ಬಿಸಿಲು ನೆನಪಿರಲಿ, ಕಲಬುರಗಿ ರಾಯಚೂರು ಕಡೆಯೋರಿಗೆ ಇದು ಇನ್ನೂ ಮುಖ್ಯ: ನಾಯಿ ದೇಹ ತಂಪು ಮಾಡ್ಕೊಳ್ಳೋದು ಮುಖ್ಯವಾಗಿ ತೇಕುತ್ತಾ, ಸುತ್ತ ಗಾಳಿ ಆಡದೇ ಇದ್ರೆ ತೇಕಿದ್ರೂ ಪ್ರಯೋಜನ ಇಲ್ಲ, ಹಾಗಾಗಿ ಕ್ರೇಟ್ ಬಾಲ್ಕನಿಯಲ್ಲಿ ಬೇಡ, ಮೇಲೆ ದಪ್ಪ ಬೆಡ್‌ಶೀಟ್ ಬೇಡ, ಬಾಗಿಲು ಹಾಕೋ ಮುಂಚೆ ಕತ್ತಿನ ಬೆಲ್ಟ್ ಬಿಚ್ಚಿಡಿ, ಸರಳಿಗೆ ಸಿಕ್ಕಿಹಾಕ್ಕೊಂಡ್ರೆ ಉಸಿರುಕಟ್ಟುತ್ತೆ.