ತಡೆ, ಪರಿಹಾರ, ಹೊಣೆ: ಎಂಡೋಸಲ್ಫಾನ್ ಕೇಸಿನ ಮೇಲೆ ಒಂದು ಟಿಪ್ಪಣಿ

ನಮ್ಮ ಪರೀಕ್ಷೆಯ ಪೇಪರಿನಲ್ಲಿ ‘ರಾಜ್ಯದ ಹೊಣೆಗಾರಿಕೆ’ ಅಂತ ಒಂದು ಪಾಠ ಇದೆ. ಸುಮ್ನೆ ಸಂವಿಧಾನದ ವಿಧಿಗಳ ಸಂಖ್ಯೆ ಬಾಯಿಪಾಠ ಮಾಡಿದರೆ ತಲೆಗೆ ಹತ್ತುವುದಿಲ್ಲ. ನಮ್ಮ ಜಿಲ್ಲೆಯದೇ ಊರು ಎಣ್ಮಕಜೆಯ ಕಥೆ ಎದುರಿಗಿಟ್ಟುಕೊಂಡು ಓದಿ. ಕಾಸರಗೋಡಿನ ನಮಗೆ ಅದು ದೂರದ ಕೇಸೂ ಅಲ್ಲ ಅಲ್ವಾ.

ಕೇರಳ ಸರ್ಕಾರದ್ದೇ ಕಂಪನಿ ಪ್ಲಾಂಟೇಶನ್ ಕಾರ್ಪೊರೇಶನ್. ಟೀ ಸೊಳ್ಳೆ ಅನ್ನುವ ಕೀಟದ ಕಾಟಕ್ಕೆ ಅಂತ ಅದು ತನ್ನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಬಿಟ್ಟಿತು. ತೋಟ ಗುಡ್ಡದ ಮೇಲೆ, ಮನೆಗಳು ಕೆಳಗೆ. ಎಣ್ಮಕಜೆಯ ಪಡ್ರೆ ಕಡೆ ಜನ ಕುಡಿಯುವುದು ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು, ತೋಡಿನ (ಸಣ್ಣ ಹಳ್ಳದ) ನೀರು. ಮೇಲೆ ಬಿದ್ದದ್ದು ಎಲ್ಲಿಗೆ ಇಳಿಯುತ್ತದೆ ಅಂತ ಹೇಳಲು ವಿಜ್ಞಾನಿ ಬೇಕಾಗಿಲ್ಲ. ಆ ಊರುಗಳಲ್ಲಿ ಮಕ್ಕಳು, ದೊಡ್ಡವರು ಕಾಯಿಲೆ ಬಿದ್ದರು, ಕೆಲವರು ಹಾಸಿಗೆ ಹಿಡಿದರು, ಕೆಲವರು ಸತ್ತರು. ವಿಮಾನ, ಹೆಲಿಕಾಪ್ಟರಿನಿಂದ ಮದ್ದು ಬಿಡುವುದಾದರೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ಜಾನುವಾರು ಆ ಜಾಗಕ್ಕೆ ಬಾರದಂತೆ ನೋಡಿಕೊಳ್ಳಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಜನ ಮನೆ ಮಾಡಿಕೊಂಡಿರುವ ಊರಿಗೆ ಈ ನಿಯಮ ಹೇಗೆ ಹೊಂದುತ್ತದೆ ಅಂತ ನೀವೇ ಯೋಚಿಸಿ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ: ತೋಟದ ಮಾಲೀಕನೂ ಸರ್ಕಾರ, ಮದ್ದಿಗೆ ಅನುಮತಿ ಕೊಡುವುದೂ ಸರ್ಕಾರ, ಕಾಯಿಲೆ ಬಂದಾಗ ನೋಡಬೇಕಾದದ್ದೂ ಸರ್ಕಾರ. ಹಾಗಾಗಿ ಇದು ಯಾವುದೋ ಖಾಸಗಿ ಕಂಪನಿಯ ತಪ್ಪು ಅಂತ ಬರೆದರೆ ಮಾರ್ಕ್ಸ್ ಹೋಗುತ್ತದೆ.

ಈಗ ಮೂರು ಮಾತು ಬೇರೆ ಬೇರೆ ಮಾಡಿಕೊಳ್ಳಬೇಕು. ತಡೆ, ಪರಿಹಾರ, ಹೊಣೆ.

ತಡೆ ಸುಲಭ ಅಂತಲ್ಲ, ಆದರೆ ಮೊದಲು ಸಿಕ್ಕಿದ್ದು ಅದೇ. ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕಾಸರಗೋಡು ಜಿಲ್ಲೆಯದೇ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ, ಕೊನೆಗೆ ಹೆಲಿಕಾಪ್ಟರ್ ಸಿಂಪಡಣೆಗೆ ತಡೆಯಾಜ್ಞೆ ತಂದರು. ದೊಡ್ಡ ಕೋರ್ಟಲ್ಲ, ತಾಲೂಕಿನ ಕೋರ್ಟು. ನನಗೆ ಈ ಇಡೀ ಕೇಸಿನಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು. ಇಡೀ ದೇಶಕ್ಕೆ ನಿಷೇಧ ಬಂದದ್ದು 2011ರ ಮೇ 13ರಂದು, ಡಿವೈಎಫ್‌ಐ ಅನ್ನುವ ಯುವಜನ ಸಂಘಟನೆ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ.

ಪರಿಹಾರ ಮಾತ್ರ ಉದ್ದದ ದಾರಿ. ಸಿವಿಲ್ ದಾವೆ ಹಾಕಿದರೆ ಈ ಮಗುವಿನ ಕಾಯಿಲೆಗೆ ಆ ಮದ್ದೇ ಕಾರಣ ಅಂತ ಒಬ್ಬೊಬ್ಬರೂ ಸಾಬೀತು ಮಾಡಬೇಕು. ಮಗುವನ್ನು ಎತ್ತಿಕೊಂಡು ತಿರುಗುವ ತಾಯಿಗೆ ಅದು ಆಗುವ ಕೆಲಸವೇ? ಅದಕ್ಕೇ ಸಂವಿಧಾನದ 21ನೇ ವಿಧಿಯ ದಾರಿ ಇರುವುದು. ಬದುಕುವ ಹಕ್ಕನ್ನು ಸರ್ಕಾರವೇ ಮುರಿದರೆ ಹಕ್ಕಿಗಾಗಿ ನೇರ ದೊಡ್ಡ ಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲೇ ದುಡ್ಡು ಕೊಡಿಸಬಹುದು ಅಂತ 1983ರ ರುದುಲ್ ಸಾಹ್ ಕೇಸು ತೋರಿಸಿತು, 1993ರ ನೀಲಬತಿ ಬೆಹೆರಾ ಕೇಸು ಅದನ್ನು ಗಟ್ಟಿ ಮಾಡಿತು. ಎರಡನ್ನೂ ಹೆಸರು, ವರ್ಷದ ಸಮೇತ ಬರೆಯಿರಿ.

2010ರ ಡಿಸೆಂಬರ್ 31ರಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಸತ್ತವರ ಮನೆಯವರಿಗೆ, ಪೂರ್ತಿ ಹಾಸಿಗೆ ಹಿಡಿದವರಿಗೆ 5 ಲಕ್ಷ, ಉಳಿದವರಿಗೆ 3 ಲಕ್ಷ ರೂಪಾಯಿ ಅಂತ ಹೇಳಿತು. ಆದರೆ ಆಯೋಗದ್ದು ಶಿಫಾರಸು, ಆದೇಶ ಅಲ್ಲ. ಆದೇಶ ಬರಲು 2017ರ ಜನವರಿ 10ರವರೆಗೆ ಕಾಯಬೇಕಾಯಿತು. ಎಲ್ಲ ಸಂತ್ರಸ್ತರಿಗೂ 5 ಲಕ್ಷ, ಮೂರು ತಿಂಗಳೊಳಗೆ ಅಂತ ಸುಪ್ರೀಂ ಕೋರ್ಟು ಹೇಳಿತು.

ಆಮೇಲೆ ಏನಾಯಿತು? ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ, ಆದೇಶ ಪಾಲಿಸಿಲ್ಲ ಅಂತ ಹಾಕಿದ ನ್ಯಾಯಾಂಗ ನಿಂದನೆಯ ಅರ್ಜಿ ಬಂದಾಗ ಕೋರ್ಟು ನೋಡಿದ್ದು ಇದನ್ನು: ಸಂತ್ರಸ್ತರ ಪಟ್ಟಿಯಲ್ಲಿ 3704 ಜನ, ಪರಿಹಾರ ಸಿಕ್ಕಿದ್ದು 8 ಜನಕ್ಕೆ. ಯಾರು ಆ 8 ಜನ ಅಂದರೆ, ನಿಂದನೆ ಅರ್ಜಿ ಹಾಕಿದವರೇ! ಪಟ್ಟಿಯಲ್ಲಿದ್ದ ಹಾಸಿಗೆ ಹಿಡಿದ 102 ಜನರಲ್ಲಿ ದೆಹಲಿಗೆ ಹೋಗುವವರು ಯಾರು? ಆ 8 ಮಂದಿಗೆ ಖರ್ಚಿಗೆ ಅಂತ ತಲಾ 50,000 ಕೊಡಿ, ಮುಖ್ಯ ಕಾರ್ಯದರ್ಶಿ ತಿಂಗಳಿಗೊಮ್ಮೆ ಸಭೆ ಕರೆಯಲಿ ಅಂತ ಕೋರ್ಟು ಹೇಳಿತು. ಆದೇಶ ಜಾರಿಯಾಗಲು ಇನ್ನೊಂದು ಆದೇಶ. ಪರೀಕ್ಷೆಗೆ ನಾನಂತೂ ಇದನ್ನೇ ಉದಾಹರಣೆ ಕೊಡುತ್ತೇನೆ.

ಮೂರನೆಯದು ಹೊಣೆ. ಕೊಟ್ಟ ದುಡ್ಡನ್ನು ಕೇಂದ್ರದಿಂದಲೋ ತಯಾರಕರಿಂದಲೋ ವಸೂಲಿ ಮಾಡಿಕೊಳ್ಳಬಹುದು ಅಂತ 2017ರ ಆದೇಶದಲ್ಲಿದೆ. ಅಂದರೆ ಹಣದ ಲೆಕ್ಕ ಇದೆ. ಇಪ್ಪತ್ತು ವರ್ಷ ಮೇಲಿಂದ ಮದ್ದು ಬಿಡಿ ಅಂತ ಸಹಿ ಹಾಕಿದವರು ಯಾರು ಅನ್ನುವ ಪ್ರಶ್ನೆಗೆ 5 ಲಕ್ಷ ಉತ್ತರ ಅಲ್ಲ. ಪರಿಹಾರವನ್ನೂ ಹೊಣೆಯನ್ನೂ ಒಂದೇ ಅಂತ ಬರೆಯಬೇಡಿ.

ಇನ್ನೊಂದು, ಸಿಲೆಬಸ್‌ನಲ್ಲಿ ಇಲ್ಲದ್ದು. ನಮ್ಮ ಪಕ್ಕದ ಮನೆಯ ಅಕ್ಕ ಮಗನ ಚಿಕಿತ್ಸೆ ಬಗ್ಗೆ ಒಂದು ಕಚೇರಿಗೆ ಕನ್ನಡದಲ್ಲಿ ಅರ್ಜಿ ಕೊಟ್ಟಿದ್ದರು. ಉತ್ತರ ಮಲಯಾಳದಲ್ಲಿ ಬಂತು. “ಇದರಲ್ಲಿ ಆಗುತ್ತದೆ ಅಂತ ಉಂಟಾ, ಇಲ್ಲ ಅಂತ ಉಂಟಾ, ಅಷ್ಟು ಹೇಳು ಮಾರಾಯ” ಅಂತ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಕುಂದುಕೊರತೆ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿ ಹೇಳುತ್ತದೆ. ಉತ್ತರ ಯಾವ ಭಾಷೆಯಲ್ಲಿ ಇರಬೇಕು ಅಂತ ಅದರಲ್ಲಿ ಒಂದು ಮಾತೂ ಇಲ್ಲ. ಆವತ್ತು ಆ ವಿಧಿಯನ್ನು ತೆಗೆದು ಓದಿ ನೋಡಿದೆ.